ಲೈಬ್ರರಿ ಅಕ್ಕನ ಕೆಲಸ ಅಂದರೇನು?



ಈ ಸಲದ ಗೋಡೆ ಪತ್ರಿಕೆಯ ವಿಷಯ ‘ಮುಂದೆ ನಾನು ಏನಾಗಬೇಕು?’ ಎಂಬುದು. ಡಾಕ್ಟರ್, ಪೊಲೀಸ್, ಮಿಲಿಟರಿ, ಟೀಚರ್ ಅಂತ ಎಂಟನೇ ತರಗತಿಯವರು ಆಗಲೇ ಬರೆದು ಅಂಟಿಸಿದ್ದಾರೆ. ಪಕ್ಕದಲ್ಲಿ ಖಾಲಿ ಉಳಿದ ಜಾಗಕ್ಕೆ ನನ್ನ ಕೆಲಸದ ಬಗ್ಗೆ ಬರೆದುಕೊಡಿ ಎಂದು ಮೇಷ್ಟ್ರು ಹೇಳಿ ಕಳುಹಿಸಿದರು. ನಾನು ಇದೇ ಶಾಲೆಯಲ್ಲಿ ಓದಿದವಳು. ಈಗ ನಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಗ್ರಂಥಾಲಯ ಮೇಲ್ವಿಚಾರಕಿ. ಆ ಉದ್ದ ಹೆಸರನ್ನು ಯಾರೂ ಹೇಳುವುದಿಲ್ಲ ಬಿಡಿ, ಎಲ್ಲರಿಗೂ ನಾನು ‘ಲೈಬ್ರರಿ ಅಕ್ಕ’.

ಬರೆಯಲು ಒಪ್ಪಿಕೊಂಡದ್ದಕ್ಕೆ ಇನ್ನೊಂದು ಕಾರಣವೂ ಇದೆ. ನಿಮ್ಮ ಶಾಲೆಯ ಒಬ್ಬ ಹುಡುಗಿ ತಾನೂ ಇದೇ ಕೆಲಸ ಮಾಡುತ್ತೇನೆ ಎಂದು ಮನೆಯಲ್ಲಿ ಹೇಳಿದಳಂತೆ. ಮಾರನೇ ದಿನವೇ ಅವಳ ತಾಯಿ ಲೈಬ್ರರಿ ಬಾಗಿಲಿಗೆ ಬಂದರು. “ಅಲ್ಲ ಕಣವ್ವ, ನಮ್ಮುಡುಗಿ ನಿನ್ ಥರ ಲೈಬ್ರರೀಲಿ ಕೂತ್ಕೋತೀನಿ ಅಂತಾಳೆ. ಪೇಪರ್ ಎತ್ತಿಡೋದಕ್ಕೆ ಅಷ್ಟೊಂದ್ ಓದ್ಬೇಕಾ? ಅವಳ ತಲೆ ಕೆಡಿಸ್ಬೇಡ” ಅಂದರು. ನನಗೆ ಬೇಜಾರಾಗಲಿಲ್ಲ. ನಮ್ಮತ್ತೆ ಇದಕ್ಕಿಂತ ಖಾರವಾಗಿ ಹೇಳುತ್ತಾರೆ! ಆದರೆ ಆ ತಾಯಿಗೆ ನಿಂತ ನಿಲುವಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಅವರು ಓದಲಿ, ಮಗಳೂ ಓದಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮವ್ವನ ವಿಷಯ. 1988ರಲ್ಲಿ ದೇಶದಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಪ್ರಾರಂಭವಾಯಿತು. ತೊಂಬತ್ತರ ದಶಕದಲ್ಲಿ ಊರೂರಿಗೆ ಸಾಕ್ಷರತಾ ಜಾಥಾ ಬಂತು, ಹಾಡು ಬಂತು, ಬೀದಿ ನಾಟಕ ಬಂತು. ರಾತ್ರಿ ಊಟವಾದ ಮೇಲೆ ಅವ್ವ, ದೊಡ್ಡವ್ವ ಎಲ್ಲಾ ಸೇರಿ ಲಾಟೀನು ಹಿಡಿದುಕೊಂಡು ರಾಮಮಂದಿರದ ಜಗಲಿಗೆ ಹೋಗುತ್ತಿದ್ದರು. ನಾನು ಅವ್ವನ ಸೆರಗು ಹಿಡಿದುಕೊಂಡು ಹಿಂದೆ ಹೋಗಿ ಅಲ್ಲೇ ನಿದ್ದೆ ಮಾಡಿಬಿಡುತ್ತಿದ್ದೆ. ಅವ್ವ ಹೆಸರು ಬರೆಯಲು ಕಲಿತಳು, ಕೂಡಿಸಿ ಕೂಡಿಸಿ ಬಸ್ಸಿನ ಬೋರ್ಡು ಓದಲು ಕಲಿತಳು. ಒಂದು ದಿನ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿನವನು ಬೇರೆ ಊರಿನ ಹೆಸರು ಕೂಗಿದರೂ ಇವಳು ಬೋರ್ಡು ಓದಿ “ಇದೇ ನಮ್ಮ ಬಸ್ಸು” ಎಂದು ಹತ್ತಿಸಿದ್ದನ್ನು ಇವತ್ತಿಗೂ ಹೇಳಿಕೊಳ್ಳುತ್ತಾಳೆ.

ಆಮೇಲೆ ಆಂದೋಲನ ಮುಗಿಯಿತು. ಕಲಿಸುತ್ತಿದ್ದ ಸ್ವಯಂಸೇವಕ ಕೆಲಸ ಹುಡುಕಿಕೊಂಡು ಊರು ಬಿಟ್ಟ. ಮನೆಯಲ್ಲಿ ಅಕ್ಷರ ಇದ್ದದ್ದು ಗೋಡೆಯ ಕ್ಯಾಲೆಂಡರಿನಲ್ಲಿ, ಬಿಟ್ಟರೆ ಗೊಬ್ಬರದ ಚೀಲದ ಮೇಲೆ. ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಅವ್ವನಿಗೆ ಸಹಿಯೊಂದು ಬಿಟ್ಟು ಮಿಕ್ಕದ್ದೆಲ್ಲ ಮರೆತೇಹೋಗಿತ್ತು. ಅಕ್ಷರ ಕಲಿಸುವುದು ಒಂದು ಕೆಲಸ. ಕಲಿತ ಅಕ್ಷರ ಕೈಬಿಟ್ಟು ಹೋಗದ ಹಾಗೆ ದಿನಾ ಓದಲು ಏನಾದರೂ ಕೊಡುತ್ತಾ ಇರುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಶಾಲೆ ಇದೆ, ಮೇಷ್ಟ್ರು ಇದ್ದಾರೆ. ಎರಡನೆಯದಕ್ಕೆ ಇರುವವಳು ನನ್ನಂಥವಳು.

ಶಾಲೆಯ ಮಾತು ಬಂತಲ್ಲ, ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನವರು ಹೆಮ್ಮೆಪಡಬೇಕಾದ ಒಂದು ಸಂಗತಿ ಹೇಳುತ್ತೇನೆ. ‘ನಲಿ-ಕಲಿ’ ಹುಟ್ಟಿದ್ದು ನಮ್ಮಲ್ಲಿ. 1995ರಲ್ಲಿ ನಮ್ಮ ತಾಲ್ಲೂಕಿನ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದುಕೊಂಡು ತಮ್ಮ ಪಾಡಿಗೆ ತಾವು ಕಲಿಯುವುದನ್ನು ನೋಡಿ ಬಂದು, ಇಲ್ಲಿಗೆ ಬೇಕಾದ ಕಾರ್ಡುಗಳನ್ನು ತಾವೇ ತಯಾರಿಸಿದರು. 2009ರ ಹೊತ್ತಿಗೆ ಅದು ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹೋಯಿತು. ಅ, ಆ, ಇ, ಈ ಎಂದು ಶುರು ಮಾಡುವ ಬದಲು ಅದರಲ್ಲಿ ರ, ಗ, ಸ, ದ, ಅ ಎಂದು ಶುರು. ಏಕೆಂದರೆ ಈ ಐದು ಅಕ್ಷರ ಬಂದರೆ ಸಾಕು, ಅರಸ, ಸರ, ಗರಗಸ ಎಂದು ಮಗು ಮೊದಲ ವಾರದಲ್ಲೇ ಶಬ್ದ ಓದುತ್ತದೆ. ಬರೆಯುವುದಕ್ಕೂ ಸುಲಭ. ಇದನ್ನು ಯೋಚಿಸಿದವರ ತಲೆಗೆ ಕೈಮುಗಿಯಬೇಕು.

ಆದರೆ ಗರಗಸ ಓದಿದ ಮಗು ಎರಡು ವರ್ಷ ಕಳೆದ ಮೇಲೂ ಗರಗಸದಲ್ಲೇ ನಿಂತಿರುವುದುಂಟು. ಇದು ನಮ್ಮೂರಿನ ಮಾತಷ್ಟೇ ಅಲ್ಲ. ‘ಅಸರ್’ ಎಂಬ ಸಮೀಕ್ಷೆ 2005ರಿಂದ ನಡೆದುಕೊಂಡು ಬಂದಿದೆ. ಹಳ್ಳಿ ಹಳ್ಳಿಗೆ ಹೋಗಿ, ಮನೆ ಬಾಗಿಲಲ್ಲೇ ಮಗುವನ್ನು ಕೂರಿಸಿಕೊಂಡು ಅಕ್ಷರ, ಶಬ್ದ, ಸಣ್ಣ ಪ್ಯಾರಾ, ಕಥೆ ಹೀಗೆ ಒಂದು ಹಾಳೆ ಓದಿಸುತ್ತಾರೆ. ದೇಶದ ಹಳ್ಳಿಗಳಲ್ಲಿ ಐದನೇ ತರಗತಿ ಮಕ್ಕಳ ಪೈಕಿ ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ಶೇಕಡಾ 50.5, 2022ರಲ್ಲಿ ಶೇಕಡಾ 42.8. ಮಧ್ಯೆ ಕೊರೋನಾ ಬಂದು ಶಾಲೆ ಮುಚ್ಚಿತ್ತಲ್ಲ, ಅದರ ಪೆಟ್ಟು. 2024ರಲ್ಲಿ ಸ್ವಲ್ಪ ಏರಿದೆ. ಏರಿದರೂ ಹೆಚ್ಚುಕಡಿಮೆ ಅರ್ಧ ಮಕ್ಕಳು ಆಚೆಗೇ ಉಳಿದರು ತಾನೆ?

ಓದಲು ಬರದ ಮಗುವನ್ನು ಪತ್ತೆ ಮಾಡುವುದೇ ಕಷ್ಟ, ಗೊತ್ತಾ? ಮಕ್ಕಳು ಬಹಳ ಜಾಣರು. ಪಾಠವನ್ನು ಪೂರ್ತಿ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಗಟ್ಟಿಯಾಗಿ, ರಾಗವಾಗಿ ಓದುತ್ತಾರೆ. ಹತ್ತಿರ ಕೂತು ನೋಡಿದರೆ ಬಾಯಿ ನಾಲ್ಕನೇ ಸಾಲಿನಲ್ಲಿರುತ್ತದೆ, ಬೆರಳು ಎರಡನೇ ಸಾಲಿನಲ್ಲಿರುತ್ತದೆ! ಆಗ ನಾನು ಬಯ್ಯುವುದಿಲ್ಲ, ‘ನಿನಗೆ ಓದೋಕೆ ಬರಲ್ಲ’ ಅಂತಲೂ ಅನ್ನುವುದಿಲ್ಲ. ಪುಟಕ್ಕೆ ಒಂದೇ ಸಾಲು, ದೊಡ್ಡ ಚಿತ್ರ ಇರುವ ಪುಸ್ತಕ ತೆಗೆದುಕೊಂಡು “ಬಾ, ಇದನ್ನ ಇಬ್ಬರೂ ಓದೋಣ” ಎಂದು ಕೂರುತ್ತೇನೆ. ಪುಸ್ತಕವನ್ನು ನನ್ನ ಕಡೆಗಲ್ಲ, ಅವರ ಕಡೆಗೆ ತಿರುಗಿಸಿ ಹಿಡಿಯುತ್ತೇನೆ. ನಾನು ಓದುವ ಶಬ್ದದ ಕೆಳಗೆ ಬೆರಳು ಹೋಗುತ್ತದೆ. ಮೂರನೇ ಸಲ ಓದುವಾಗ ಒಂದು ಶಬ್ದದ ಹತ್ತಿರ ಸುಮ್ಮನಾಗುತ್ತೇನೆ. ಮಗು ಹೇಳುತ್ತದೆ. ಹೇಳದಿದ್ದರೆ ನಾನೇ ಹೇಳಿ ಮುಂದೆ ಹೋಗುತ್ತೇನೆ.

ಕಾಗುಣಿತದವರೆಗೆ ಹೇಗೋ ಬರುತ್ತಾರೆ. ಸಿಕ್ಕಿಹಾಕಿಕೊಳ್ಳುವುದು ಒತ್ತಕ್ಷರದಲ್ಲಿ. ‘ಅಕ್ಕ’, ‘ಅಪ್ಪ’ ಬರುತ್ತದೆ, ‘ವಿಜ್ಞಾನ’ ಅಂದ ಕೂಡಲೇ ಗಾಡಿ ನಿಂತುಬಿಡುತ್ತದೆ. ಅದಕ್ಕೇ ಪುಸ್ತಕಗಳ ಬೆನ್ನಿಗೆ ನಾನು ಬಣ್ಣದ ಚುಕ್ಕೆ ಅಂಟಿಸಿದ್ದೇನೆ. ಹಳದಿ ಚುಕ್ಕೆ ಅಂದರೆ ಒತ್ತಕ್ಷರ ಬಹಳ ಕಮ್ಮಿ, ಹಸಿರು ಅಂದರೆ ನಡುವೆ ನಡುವೆ ಇದೆ, ಕೆಂಪು ಅಂದರೆ ಯಾವುದಕ್ಕೂ ಹೆದರದವರಿಗೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿಲ್ಲ. ಈಗಿನ ಮಕ್ಕಳ ಪುಸ್ತಕಗಳ ಹಿಂದೆ ಹಂತ 1, ಹಂತ 2 ಎಂದು ಹಾಕಿರುತ್ತಾರಲ್ಲ, ಅದನ್ನು ನೋಡಿ, ಹಳೆಯ ಪುಸ್ತಕಗಳಿಗೂ ಹೀಗೆ ಮಾಡಬಾರದೇಕೆ ಅನ್ನಿಸಿತು. ಮುನ್ನೂರು ಪುಸ್ತಕ ಕೂತು ಓದಿ ಚುಕ್ಕೆ ಹಚ್ಚಿದೆ. ನಮ್ಮತ್ತೆ ಆಗ ಹೇಳಿದ್ದು: “ಸರ್ಕಾರದ ದುಡ್ಡಲ್ಲಿ ಕೂತ್ಕೊಂಡು ಕಥೆ ಪುಸ್ತಕ ಓದ್ತಾಳೆ, ಪುಣ್ಯವಂತೆ.” ಮಾತು ಸುಳ್ಳೇನಲ್ಲ.

ಮಿಕ್ಕ ಕೆಲಸಗಳನ್ನು ಬೇಗ ಬೇಗ ಹೇಳಿಬಿಡುತ್ತೇನೆ. ಸ್ಟಾಕ್ ರಿಜಿಸ್ಟರ್ ಬರೆಯಬೇಕು, ಕಸ ಗುಡಿಸಬೇಕು, ಪೇಪರ್ ಜೋಡಿಸಬೇಕು, ಸಭೆಗೆ ಹೋಗಬೇಕು, ಫೋಟೋ ಕಳಿಸಬೇಕು. ಹರಿದ ಪುಸ್ತಕಕ್ಕೆ ಮೈದಾ ಅಂಟು ಮಾಡಿ ರಟ್ಟು ಹಾಕಬೇಕು. ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸಿದರೆ ಹುಳ ಬರುವುದಿಲ್ಲ, ಆದರೆ ಅದು ವಿಷ, ಮಕ್ಕಳು ಮುಟ್ಟಬಾರದು. ಗೆದ್ದಲಿನ ಜೊತೆ ಯುದ್ಧ ವರ್ಷಪೂರ್ತಿ ಇದ್ದದ್ದೇ.

ಪುಸ್ತಕ ಹರಿಯುತ್ತದೆ ಅಂತ ಬೀಗ ಹಾಕಿಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಾನು ಕಂಡ ಒಂದು ಕಡೆ, ಊರು ಬೇಡ, ಚೆಂದದ ಚಿತ್ರದ ಪುಸ್ತಕಗಳು ಬಂದು ಎರಡು ವರ್ಷ ಬೀರುವಿನಲ್ಲೇ ಇದ್ದವು. ತೆಗೆದಾಗ ಒಂದು ಪುಸ್ತಕವೂ ಹರಿದಿರಲಿಲ್ಲ, ಎಲ್ಲಾ ಗೆದ್ದಲು ತಿಂದಿತ್ತು. ಮಕ್ಕಳ ಕೈಯಲ್ಲಿ ಹರಿದಿದ್ದರೆ ಲೆಕ್ಕಕ್ಕಾದರೂ ಬರುತ್ತಿತ್ತು.

ಅಂದಹಾಗೆ, ನಿಮ್ಮ ಮನೆಯ ಕಂದಾಯದ ರಸೀದಿ ತೆಗೆದು ನೋಡಿ. ಅದರಲ್ಲಿ ‘ಗ್ರಂಥಾಲಯ ಕರ’ ಎಂಬ ಒಂದು ಸಾಲು ಇರುತ್ತದೆ. 1965ರ ಗ್ರಂಥಾಲಯ ಕಾಯಿದೆಯಿಂದ ಬಂದದ್ದು, ತೆರಿಗೆಯ 100 ರೂಪಾಯಿಗೆ 6 ರೂಪಾಯಿ. ಲೈಬ್ರರಿ ನಿಮ್ಮದೇ ದುಡ್ಡಿನದು. 2019ರಲ್ಲಿ ರಾಜ್ಯದ ಐದೂವರೆ ಸಾವಿರಕ್ಕೂ ಹೆಚ್ಚು ಹಳ್ಳಿ ಲೈಬ್ರರಿಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಬಂದ ಮೇಲೆ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಅದಕ್ಕೆ ಮುಂಚೆ ನಮ್ಮ ಲೈಬ್ರರಿಗೆ ಬರುತ್ತಿದ್ದವರು ನಾಲ್ಕೈದು ಜನ ಹಿರಿಯರು ಮಾತ್ರ. ಅವರೂ ಒಂದೇ ಪೇಪರನ್ನು ಹಾಳೆ ಹಾಳೆ ಹಂಚಿಕೊಂಡು ಓದುತ್ತಿದ್ದರು. ಈಗ ಸಾಯಂಕಾಲ ನಾಲ್ಕೂವರೆಗೆ ಬಂದು ನೋಡಿ, ಚಪ್ಪಲಿ ಬಿಡಲು ಜಾಗ ಇರುವುದಿಲ್ಲ.

ಇನ್ನು ಆ ತಾಯಿಯ ಪ್ರಶ್ನೆ. ಎಷ್ಟು ಓದಬೇಕು, ಎಷ್ಟು ಸಿಗುತ್ತದೆ?

ಈಚಿನ ನೇಮಕಾತಿ ಪ್ರಕಟಣೆಗಳಲ್ಲಿ ನನ್ನ ಹುದ್ದೆಗೆ ಕೇಳುವುದು ಪಿಯುಸಿ ಮತ್ತು ಗ್ರಂಥಾಲಯ ವಿಜ್ಞಾನದ ಸರ್ಟಿಫಿಕೇಟ್ ಕೋರ್ಸು. ಕಂಪ್ಯೂಟರ್ ಗೊತ್ತಿರಬೇಕು. ಅದೇ ಪಂಚಾಯಿತಿಯವರಾಗಿರಬೇಕು. ಡಿಗ್ರಿ ಮುಗಿಸಿ ಒಂದು ವರ್ಷದ ಬಿ.ಲಿಬ್. ಮಾಡಿದರೆ ಕಾಲೇಜು, ದೊಡ್ಡ ಲೈಬ್ರರಿಗಳ ದಾರಿ ತೆರೆಯುತ್ತದೆ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಮನೆಯಲ್ಲಿದ್ದುಕೊಂಡೇ ಓದಬಹುದು. ನಾನು ಅಲ್ಲೇ ಮಾಡಿದ್ದು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು. ಪುಟ್ಟ ಮಕ್ಕಳಿಗೆ ಅಕ್ಷರ ಕಲಿಸುವುದೇ ಇಷ್ಟವೆಂದರೆ ಪಿಯುಸಿ ಆದ ಮೇಲೆ ಎರಡು ವರ್ಷದ ಡಿ.ಎಲ್.ಎಡ್. ಇದೆ.

ಸರ್ಕಾರದ ಹೊರಗೂ ಈ ಕೆಲಸ ಇದೆ. 1995ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ‘ಪ್ರಥಮ್’, 2000ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಅಕ್ಷರ ಫೌಂಡೇಷನ್’ ಇಂಥ ಸಂಸ್ಥೆಗಳಲ್ಲಿ ಹಳ್ಳಿ ಹಳ್ಳಿ ತಿರುಗುವವರು, ತರಬೇತಿ ಕೊಡುವವರು, ಲೆಕ್ಕ ಬರೆಯುವವರು ಎಲ್ಲರೂ ಬೇಕು. ‘ಪ್ರಥಮ್ ಬುಕ್ಸ್’ 2004ರಿಂದ ಮಕ್ಕಳಿಗೆ ಕಡಿಮೆ ಬೆಲೆಯ ಪುಸ್ತಕ ಹೊರತರುತ್ತಿದೆ. 2015ರಿಂದ ‘ಸ್ಟೋರಿವೀವರ್’ ಎಂದು ಕಂಪ್ಯೂಟರಿನಲ್ಲೂ ಪುಕ್ಕಟೆ ಕೊಡುತ್ತದೆ. ಅಲ್ಲಿ ಕಥೆ ಬರೆಯುವವರು, ಚಿತ್ರ ಬಿಡಿಸುವವರು, ಕನ್ನಡಕ್ಕೆ ತರುವವರು ಇದ್ದಾರೆ. ಅಂದರೆ ಚಿತ್ರ ಬರೆಯುವ ಕೈ ಇದ್ದವರಿಗೂ ಇದರೊಳಗೆ ಜಾಗ ಇದೆ.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ನನಗೆ ಸಿಗುವುದಕ್ಕೆ ಸಂಬಳ ಅನ್ನುವುದಿಲ್ಲ, ‘ಗೌರವಧನ’ ಅನ್ನುತ್ತಾರೆ. ಗೌರವ ಜಾಸ್ತಿ, ಧನ ಕಮ್ಮಿ. ಮೊದಲಿಗಿಂತ ಏರಿದೆ, ನಮ್ಮವರು ಕೇಳಿ ಕೇಳಿ, ಧರಣಿ ಕೂತು ಏರಿಸಿಕೊಂಡದ್ದು. ಮೇಷ್ಟ್ರ ಸಂಬಳದ ಹತ್ತಿರಕ್ಕೂ ಬರುವುದಿಲ್ಲ. ಒಮ್ಮೊಮ್ಮೆ ಎರಡು ಮೂರು ತಿಂಗಳದ್ದು ಒಟ್ಟಿಗೆ ಬಂದದ್ದೂ ಉಂಟು. ಆಗ ಅಂಗಡಿಯಲ್ಲಿ ಸಾಲ ಹೇಳಬೇಕು. ಮನೆಯಲ್ಲಿ ಇನ್ನೊಬ್ಬರ ದುಡಿಮೆ ಇದ್ದರೆ ನಡೆಯುತ್ತದೆ, ಒಬ್ಬಳ ಮೇಲೇ ಸಂಸಾರ ಅಂದರೆ ಕಷ್ಟ. ಮಗಳ ಬಗ್ಗೆ ಆ ತಾಯಿ ಹೆದರಿದ್ದು ಇದಕ್ಕೇ ಆಗಿದ್ದರೆ ಅವರ ಮಾತು ತಪ್ಪೆಂದು ನಾನು ಹೇಳಲಾರೆ. ಕೆಲಸ ದೊಡ್ಡದು ಎಂದು ಹೊಗಳಿ, ಮಾಡುವವಳ ಹೊಟ್ಟೆಯ ಮಾತು ಬಂದಾಗ ‘ಸೇವೆ’ ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಕಳೆದ ವರ್ಷ ಮೈಸೂರಿನಿಂದ ನನಗೆ ಒಂದು ಕರೆ ಬಂತು. ತಾಲ್ಲೂಕು ತಾಲ್ಲೂಕು ಸುತ್ತಿ ನನ್ನಂಥ ಮೇಲ್ವಿಚಾರಕರಿಗೆ ಮಕ್ಕಳನ್ನು ಓದಿಸುವ ತರಬೇತಿ ಕೊಡುವ ಕೆಲಸ. ಸಂಬಳ ಈಗಿನದಕ್ಕಿಂತ ಎರಡರಷ್ಟು. ಯಜಮಾನರು “ಹೋಗು, ಮನೆ ನಾನು ನೋಡ್ಕೋತೀನಿ” ಅಂದರು. ಅತ್ತೆಯೂ, ಆಶ್ಚರ್ಯ ನೋಡಿ, “ಹೋಗವ್ವ” ಅಂದರು. ಒಪ್ಪಿಕೊಂಡರೆ ಒಂದು ಲೈಬ್ರರಿಯ ಬದಲು ನೂರು ಲೈಬ್ರರಿಗೆ ಉಪಯೋಗ ಎಂದು ಲೆಕ್ಕ ಹೇಳುತ್ತದೆ. ಆದರೆ ಈ ಬೀಗದ ಕೈ ಯಾರಿಗೆ ಕೊಡುವುದು? ಮುಂದಿನ ಜೂನ್‌ವರೆಗೆ ಸಮಯ ಕೇಳಿದ್ದೇನೆ. ಇನ್ನೂ ತೀರ್ಮಾನ ಮಾಡಿಲ್ಲ.

ಲೈಬ್ರರಿ ಕೆಲಸ ಬೇಡ ಎಂದು ಹೊರಟ ದೊಡ್ಡವರೊಬ್ಬರ ಕಥೆ ಇಲ್ಲಿ ನೆನಪಾಗುತ್ತದೆ. ಎಸ್. ಆರ್. ರಂಗನಾಥನ್ ಅವರು ಮದ್ರಾಸಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. 1924ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಸುಮ್ಮನೆ ಒಬ್ಬರೇ ಕೂರಬೇಕಾಗಿ ಬಂದು ಬೇಸತ್ತು, ನನ್ನನ್ನು ಪಾಠಕ್ಕೇ ವಾಪಸ್ ಕಳಿಸಿ ಎಂದು ಕೇಳಿಕೊಂಡರಂತೆ. ಲಂಡನ್ನಿಗೆ ಹೋಗಿ ಅಲ್ಲಿನ ಲೈಬ್ರರಿಗಳಿಗೆ ಮಕ್ಕಳು, ಕೂಲಿಯವರು, ಹೆಂಗಸರು ಎಲ್ಲರೂ ಬರುವುದನ್ನು ನೋಡಿದ ಮೇಲೆ ಅವರ ಮನಸ್ಸು ತಿರುಗಿತು. 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಕೊನೆಗಾಲದಲ್ಲಿ ನಮ್ಮ ಬೆಂಗಳೂರಿನಲ್ಲೇ ಇದ್ದು 1972ರಲ್ಲಿ ತೀರಿಕೊಂಡರು. ಅವರ ಸೂತ್ರಗಳಲ್ಲಿ ಎರಡು ನನಗೆ ಬಹಳ ಮೆಚ್ಚು: ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬ ಅರ್ಥದವು. ಪರೀಕ್ಷೆಗೆ ಬರೆದಾಗ ಬರೀ ಮಾರ್ಕಿನ ಮಾತಾಗಿತ್ತು. ನನಗೆ ಅದು ತಿಳಿದದ್ದು ಹಾಡಿಯ ಒಬ್ಬ ಹುಡುಗನಿಂದ.

ಅವನು ಜೇನುಕುರುಬರ ಹುಡುಗ. ಹೆಸರು ಬರೆಯುವುದಿಲ್ಲ, ನಿಮಗೆ ಗೊತ್ತಿದ್ದರೂ ಕೂಗಬೇಡಿ. ಕಾಫಿ ಕುಯ್ಲು ಬಂತೆಂದರೆ ಅಪ್ಪ-ಅವ್ವನ ಜೊತೆ ಕೊಡಗಿಗೆ ಹೋಗಿಬಿಡುತ್ತಾನೆ. ಡಿಸೆಂಬರಿನಲ್ಲಿ ಹೋದರೆ ಬರುವುದು ಮಾರ್ಚಿಗೆ. ಪ್ರತಿ ವರ್ಷ ಪಾಠದ ಮೂರು ನಾಲ್ಕು ತಿಂಗಳು ಹೀಗೇ ಹೋಯಿತು. ಲೈಬ್ರರಿಗೆ ಬಂದರೂ ಒಳಗೆ ಬರುತ್ತಿರಲಿಲ್ಲ, ಹೊಸ್ತಿಲ ಮೇಲೆ ಕೂತು ಕಂಪ್ಯೂಟರ್ ನೋಡುತ್ತಿದ್ದ. ನಾಲ್ಕನೇ ತರಗತಿ. ರ, ಗ, ಸ, ದ, ಅ ಬರುತ್ತಿತ್ತು. ಮುಂದಕ್ಕೆ ಇಲ್ಲ. ಹಳದಿ ಚುಕ್ಕೆಯ ಪುಸ್ತಕ ಕೊಟ್ಟರೆ ಚಿತ್ರ ನೋಡಿ ವಾಪಸ್ ಕೊಡುತ್ತಿದ್ದ.

ಒಂದು ದಿನ ಅವನು ಮಿಕ್ಕ ಹುಡುಗರಿಗೆ ಹೆಜ್ಜೇನಿನ ವಿಷಯ ಹೇಳುತ್ತಿದ್ದ. ಎಷ್ಟು ಎತ್ತರದ ಮರ, ಹೊಗೆ ಹೇಗೆ ಹಾಕುತ್ತಾರೆ, ತಾತ ಹತ್ತುವ ಮುಂಚೆ ಏನು ಮಾಡುತ್ತಾನೆ, ಎಲ್ಲಾ. ಅವರ ಭಾಷೆಯಲ್ಲೇ ಹೇಳುತ್ತಿದ್ದ. ಅದು ಕನ್ನಡಕ್ಕೆ ಬಹಳ ಹತ್ತಿರ. ನಾನು ಅವನು ಹೇಳಿದ್ದನ್ನು ಹೇಳಿದ ಹಾಗೇ, ತಿದ್ದದೆ, ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಎಂಟು ಹಾಳೆ, ಹಾಳೆಗೆ ಒಂದು ಸಾಲು. ಮಾರನೇ ದಿನ ಹೊಲಿದು ಪುಸ್ತಕ ಮಾಡಿ, “ಚಿತ್ರ ನೀನೇ ಬರಿ” ಎಂದು ಕೊಟ್ಟೆ. ಬರೆದ. ಆಮೇಲೆ ಬೆರಳಿಟ್ಟು ಓದಿದ. ಸಾಲು ಅವನದೇ ಆದ್ದರಿಂದ ಮುಂದಿನ ಶಬ್ದ ಯಾವುದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದ ಶಬ್ದದೊಳಗೆ ಗೊತ್ತಿಲ್ಲದ ಅಕ್ಷರ ಸಿಕ್ಕಿಬಿಟ್ಟಿತು. ಬಾಯಿ, ಬೆರಳು ಎರಡೂ ಒಂದೇ ಸಾಲಿನಲ್ಲಿದ್ದವು.

ಆ ಪುಸ್ತಕಕ್ಕೆ ಸ್ಟಾಕ್ ರಿಜಿಸ್ಟರಿನಲ್ಲಿ ನಂಬರ್ ಕೊಟ್ಟಿದ್ದೇನೆ. ಲೇಖಕರ ಕಾಲಮ್ಮಿನಲ್ಲಿ ಅವನ ಹೆಸರಿದೆ. ಬೆಲೆಯ ಕಾಲಮ್ಮಿನಲ್ಲಿ ಏನು ಬರೆಯುವುದೋ ತೋಚದೆ ‘ಉಚಿತ’ ಎಂದು ಬರೆದೆ. ಆಡಿಟ್‌ನವರು ಕೇಳಿದರೆ ಪುಸ್ತಕ ತೆಗೆದು ತೋರಿಸುತ್ತೇನೆ.

ಕಳೆದ ವರ್ಷ ಕೊಡಗಿಗೆ ಹೊರಟಾಗ ಅವನಿಗೆ ನಾಲ್ಕು ಪುಸ್ತಕ ಕೊಟ್ಟು ಕಳಿಸಿದೆ. ಹದಿನೈದು ದಿನಕ್ಕೆ ವಾಪಸ್ ತರಬೇಕು ಎನ್ನುವುದು ನಮ್ಮ ನಿಯಮ. ನೂರು ದಿನಕ್ಕೆ ಬರೆದುಕೊಂಡೆ. ಕಳೆದುಹೋದರೆ ಯಾರು ಕಟ್ಟುತ್ತಾರೆ ಎಂದು ಒಬ್ಬರು ಕೇಳಿದರು. ನಾನು ಕಟ್ಟುತ್ತೇನೆ ಅಂದೆ. ಮಾರ್ಚಿನಲ್ಲಿ ಬಂದ. ಮೂರು ಪುಸ್ತಕ ತಂದಿದ್ದ. ನಾಲ್ಕನೆಯದನ್ನು ತೋಟದ ಪಕ್ಕದ ಲೈನ್ ಮನೆಯ ಒಬ್ಬ ಹುಡುಗಿಗೆ ಕೊಟ್ಟನಂತೆ. “ಅವಳತ್ರ ಒಂದೂ ಇರ್ಲಿಲ್ಲ ಕಣಕ್ಕ” ಅಂದ. ಆ ಪುಸ್ತಕದ ದುಡ್ಡು 45 ರೂಪಾಯಿ ಕಟ್ಟಿದೆ.

ಈ ವರ್ಷ ಅವನು ಐದನೇ ತರಗತಿ. ಹಸಿರು ಚುಕ್ಕೆಗೆ ಬಂದಿದ್ದಾನೆ, ‘ವಿಜ್ಞಾನ’ ಎಂಬ ಶಬ್ದವನ್ನು ಎರಡು ಸಲ ನಿಂತು ಓದುತ್ತಾನೆ. ಎರಡು ವಾರದಲ್ಲಿ ಮತ್ತೆ ಹೊರಡುತ್ತಾರೆ. ಎಂಟನೇ ತರಗತಿಯ ಆ ಹುಡುಗಿ ಶನಿವಾರ ಬಂದು ನನ್ನ ಜೊತೆ ಕೂತು ಅವನಿಗಾಗಿ ಪುಸ್ತಕ ಆರಿಸಿದಳು. ನಾನು ನಾಲ್ಕು ಸಾಕು ಅಂದೆ. ಅವಳು ಆರು ತೆಗೆದಿಟ್ಟಿದ್ದಾಳೆ. “ಎರಡು ಅಲ್ಲೇ ಬಿಟ್ಟು ಬರೋಕೆ ಅಕ್ಕ” ಅಂದಳು. ಆರೂ ಬರೆದುಕೊಂಡಿದ್ದೇನೆ. ವಾಪಸ್ ಬರುವ ತಾರೀಕಿನ ಕಾಲಂ ಖಾಲಿ ಬಿಟ್ಟಿದ್ದೇನೆ.

(ಇಷ್ಟುದ್ದ ಬರೆದದ್ದಕ್ಕೆ ಡ್ರಾಯಿಂಗ್ ಶೀಟಿಗೆ ಪ್ರತಿ ಮಾಡುವ ಏಳನೇ ತರಗತಿಯ ಮಕ್ಕಳು ಬೇಜಾರು ಮಾಡಿಕೊಳ್ಳಬಾರದು. ಕೈ ನೋಯಿಸಿಕೊಂಡವರು ಸಾಯಂಕಾಲ ಲೈಬ್ರರಿಗೆ ಬನ್ನಿ, ಹೊಸ ಪುಸ್ತಕದ ಕಟ್ಟು ಬಂದಿದೆ, ಇನ್ನೂ ಬಿಚ್ಚಿಲ್ಲ.)

— ನಿಮ್ಮ ಲೈಬ್ರರಿ ಅಕ್ಕ